ಮೊಮ್ಮಗಳ ಆಟದಲ್ಲಿ ಹದಿನಾಲ್ಕನೆಯ ಶತಮಾನ



ಎರಡು ತಿಂಗಳಿನಿಂದ ಇಲ್ಲಿ ಏನನ್ನೂ ಬರೆದಿಲ್ಲವೇಕೆಂದು ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ ವಿಚಾರಿಸಿದಿರಿ. ದೇಹಾರೋಗ್ಯ ಚೆನ್ನಾಗಿಯೇ ಇದೆ. ನಾನು ಇಂಗ್ಲೆಂಡಿನಲ್ಲಿದ್ದೆ; ಅದೂ ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನಲ್ಲಿ. ಕರೆದುಕೊಂಡು ಹೋದವಳು ನನ್ನ ಮೊಮ್ಮಗಳು.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಈ ಹುಡುಗಿ ರಜೆಗೆಂದು ನಮ್ಮಲ್ಲಿಗೆ ಬಂದಾಗ ಲ್ಯಾಪ್‌ಟಾಪ್ ಒಂದನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯಿಡೀ ಏನೋ ಆಡುತ್ತಿದ್ದಳು. ಕಾಲಹರಣವೆಂದು ಭಾವಿಸಿ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದಳು: "ತಾತ, ಸಾವಿರದ ಮುನ್ನೂರನೇ ಇಸವೀಲಿ ಇಂಗ್ಲೆಂಡಿನ ರೈತರ ಮನೆಗೆ ಕಿಟಕಿ ಇತ್ತಾ? ಗಾಜು ಹಾಕಬಹುದಾ?"

ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದೇನೆ, ಕದನಗಳ ಕಾರಣಗಳನ್ನೂ ಪರಿಣಾಮಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು ಹಾಕಿದ್ದೇನೆ. ಬಡವನೊಬ್ಬನ ಮನೆಗೆ ಕಿಟಕಿ ಇತ್ತೇ ಎಂದು ಒಬ್ಬ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ಕೇಳುವಂತೆ ನಾನು ಪಾಠ ಮಾಡಿರಲಿಲ್ಲವೆಂಬುದೇ ಸರಿ.

ನನ್ನ ವಯಸ್ಸಿನವರಿಗಾಗಿ ಆಟದ ಪರಿಚಯವನ್ನು ಸ್ವಲ್ಪ ಹೇಳಬೇಕು. ಇದರ ಹೆಸರು 'ದಿ ಸಿಮ್ಸ್'. ಇದರಲ್ಲಿ ಗೆಲುವಿಲ್ಲ, ಸೋಲಿಲ್ಲ, ಶತ್ರುವಿಲ್ಲ. ನಾವು ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಕಲ್ಲು ಜೋಡಿಸಿ ಮನೆಯಾಟ ಆಡುತ್ತಿದ್ದೆವಲ್ಲ, ಅದೇ. ಮನೆಯೊಂದನ್ನು ಕಟ್ಟಿ ಅದರಲ್ಲಿ ಜನರನ್ನಿರಿಸಬೇಕು. ಅವರು ಉಣ್ಣುತ್ತಾರೆ, ಮಲಗುತ್ತಾರೆ, ಜಗಳವಾಡುತ್ತಾರೆ, ಮದುವೆಯಾಗುತ್ತಾರೆ, ಹೆರುತ್ತಾರೆ, ಮುದುಕರಾಗಿ ಸಾಯುತ್ತಾರೆ. ಇದನ್ನು ರೂಪಿಸಿದ ವಿಲ್ ರೈಟ್ ಎಂಬ ಅಮೆರಿಕದವರ ಮನೆ 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಬೆಟ್ಟಗಳಲ್ಲಿ ಎದ್ದ ಮಹಾ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತಂತೆ. ಸಂಸಾರಕ್ಕೆ ಬೇಕಾದ ಒಂದೊಂದೇ ವಸ್ತುವನ್ನು ಮತ್ತೆ ಕೂಡಿಸಿಕೊಳ್ಳುವಾಗ ಮನುಷ್ಯನಿಗೆ ನಿಜವಾಗಿ ಬೇಕಾದದ್ದೇನು ಎಂದು ಯೋಚಿಸಿದ ಅವರಿಗೆ ಈ ಆಟದ ಕಲ್ಪನೆ ಬೆಳೆಯಿತೆನ್ನುತ್ತಾರೆ. 2000ದ ಫೆಬ್ರವರಿಯಲ್ಲಿ ಮೊದಲ ಆಟ ಬಂತು. ನನ್ನ ಮೊಮ್ಮಗಳು ಆಡುವುದು 2014ರಲ್ಲಿ ಬಂದ ನಾಲ್ಕನೆಯದನ್ನು.

ಈ ಆಟದಲ್ಲಿ ಎಲ್ಲವೂ ಸುಲಭ. ಗುಂಡಿಯೊತ್ತಿದರೆ ಶೀತಲಪೆಟ್ಟಿಗೆ, ಇನ್ನೊಂದು ಒತ್ತಿದರೆ ಈಜುಕೊಳ. ಈ ಸೌಲಭ್ಯದಿಂದ ಬೇಸತ್ತ ಕೆಲವು ಆಟಗಾರರು ತಮಗೆ ತಾವೇ ಕಟ್ಟುಪಾಡುಗಳನ್ನು ಹಾಕಿಕೊಂಡಿದ್ದಾರೆ. ಒಂದು ಸಂಸಾರವನ್ನು 1890ರ ದಶಕದಲ್ಲಿ ಆರಂಭಿಸಿ, ತಲೆಮಾರಿನಿಂದ ತಲೆಮಾರಿಗೆ ದಶಕಗಳನ್ನು ದಾಟಿಸುತ್ತ ಬರುವುದು. ವಿದ್ಯುತ್ತು, ದೂರವಾಣಿ, ಹೆಣ್ಣುಮಕ್ಕಳ ಉದ್ಯೋಗ, ಯಾವುದೂ ಇತಿಹಾಸದಲ್ಲಿ ಬರುವ ತನಕ ಆಟದಲ್ಲಿಯೂ ಬರಕೂಡದು. ಇದಕ್ಕೆ 'ದಶಕಗಳ ಸವಾಲು' ಎಂದು ಹೆಸರು. ಇನ್ನೂ ಹಟವಾದಿಗಳು ಅದನ್ನು 1300ಕ್ಕೆ, ಇಂಗ್ಲೆಂಡಿನ ಹಳ್ಳಿಗೆ ಒಯ್ದಿದ್ದಾರೆ. ಆಟದ ಕಂಪೆನಿಯವರೇ 2011ರಲ್ಲಿ ಮಧ್ಯಯುಗದ ಹೆಸರಿನಲ್ಲಿ ಒಂದು ಆಟ ತಂದಿದ್ದರು. ಅದು ರಾಜರಾಣಿಯರ ಕಟ್ಟುಕಥೆಯೇ ಹೊರತು ಇತಿಹಾಸವಲ್ಲವೆಂದು ಇವರು ಅದರ ಗೊಡವೆಗೆ ಹೋಗುವುದಿಲ್ಲ. ಈ ನಿಯಮಗಳನ್ನು ಮುರಿದರೆ ಕೇಳುವವರಿಲ್ಲ, ಪಾಲಿಸಿದರೆ ಬಹುಮಾನವಿಲ್ಲ. ತುಂಬಿದ ಅಡುಗೆಮನೆಯಲ್ಲಿ ಕುಳಿತು ಏಕಾದಶಿ ಮಾಡುವವರ ನಿಷ್ಠೆ ಅದು. ಅಷ್ಟು ಹೊತ್ತಿಗೆ ಆಟದ ಮೇಲಿದ್ದ ನನ್ನ ತಾತ್ಸಾರ ಅರ್ಧ ಕರಗಿತ್ತು.

ಕಿಟಕಿ ಇತ್ತು, ಗಾಜು ಇರಲಿಲ್ಲ. ಮರದ ಬಾಗಿಲು ಹಾಕಬಹುದು ಎಂದೆ. ಮರುದಿನ ಬೆಳಗಿನಿಂದ ನಾನು ಅವಳ ಪಕ್ಕದ ಕುರ್ಚಿಯಲ್ಲಿದ್ದೆ. ನನ್ನ ಶ್ರೀಮತಿ ಕಾಫಿಯನ್ನು ಎರಡು ಸಲ ಬಿಸಿ ಮಾಡಿಕೊಟ್ಟಳು.

ಮನೆ ಕಟ್ಟುವುದರಲ್ಲಿಯೇ ನಾಲ್ಕು ದಿನ ಹೋಯಿತು. ಬಾಗಿದ ಮರದ ತೊಲೆಗಳ ಜೋಡಿ, ನಡುವೆ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣಿನ ಗೋಡೆ, ಮೇಲೆ ಹುಲ್ಲು ಹೊದಿಕೆ. ನಮ್ಮ ಕಡೆಯ ಹಳೆಯ ತಡಿಕೆ ಗೋಡೆ ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅವಳು ಅಂದವಾದ ಹೊಗೆಗೂಡೊಂದನ್ನು ಇಟ್ಟಿದ್ದಳು. ಅದನ್ನು ತೆಗೆಸಿದೆ. ಆ ಕಾಲದ ರೈತನ ಮನೆಯಲ್ಲಿ ಒಲೆ ನೆಲದ ನಡುವೆ ಬಯಲಾಗಿ ಉರಿಯುತ್ತಿತ್ತು. ಹೊಗೆ ಹುಲ್ಲಿನ ಸಂದಿನಿಂದ ತಾನೇ ದಾರಿ ಹುಡುಕಿಕೊಳ್ಳಬೇಕಾಗಿತ್ತು. ಹೊಗೆಗೂಡು ಹಳ್ಳಿಹಳ್ಳಿಗೂ ಬಂದದ್ದು 16ನೆಯ ಶತಮಾನದಲ್ಲಿ. 1577ರಲ್ಲಿ ಇಂಗ್ಲೆಂಡಿನ ವರ್ಣನೆ ಬರೆದ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ, ತನ್ನೂರಿನ ಮುದುಕರು ತಮ್ಮ ಕಾಲದಲ್ಲಿ ಕಂಡ ಮೂರು ದೊಡ್ಡ ಬದಲಾವಣೆಗಳಲ್ಲಿ ಹೊಗೆಗೂಡುಗಳ ಹೆಚ್ಚಳವೂ ಒಂದೆಂದು ಹೇಳುತ್ತಿದ್ದರೆಂದು ದಾಖಲಿಸಿದ್ದಾನೆ. ಉಳಿದೆರಡು, ಮಲಗುವ ಹಾಸಿಗೆ ಮೆತ್ತಗಾದದ್ದು ಮತ್ತು ಮರದ ತಟ್ಟೆ ಹೋಗಿ ಲೋಹದ ತಟ್ಟೆ ಬಂದದ್ದು. ರಾಜರು ಬದಲಾದದ್ದನ್ನು ಆ ಮುದುಕರು ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದನ್ನು ಗಮನಿಸಿ!

ತೋಟದಲ್ಲಿ ಆಲೂಗಡ್ಡೆ, ಟೊಮೆಟೊ ಹಾಕಿದ್ದಳು. ಅವೆರಡೂ ಅಮೆರಿಕ ಖಂಡದವು. ಕೊಲಂಬಸ್ 1492ರಲ್ಲಿ ಹೊರಡುವ ತನಕ ಯೂರೋಪಿಗೆ ಅವುಗಳ ಹೆಸರೂ ಗೊತ್ತಿರಲಿಲ್ಲ. ಕಿತ್ತುಹಾಕಿ ಬಟಾಣಿ, ಹುರುಳಿಯ ಜಾತಿಯ ಕಾಳು, ಈರುಳ್ಳಿ, ಕೋಸು ಇಟ್ಟೆವು. ಪುಸ್ತಕದ ಕಪಾಟು ಹೋಯಿತು. ಗಡಿಯಾರ ಹೋಯಿತು. ಕನ್ನಡಿ ಹೋಯಿತು. ರೈತ ಸತ್ತರೆ ಅವನ ಅತ್ಯುತ್ತಮ ಜಾನುವಾರನ್ನು ಒಡೆಯನಿಗೆ ಒಪ್ಪಿಸಬೇಕಾಗಿದ್ದ 'ಹೆರಿಯಟ್', ಮಗಳ ಮದುವೆಗೆ ತೆರಬೇಕಾಗಿದ್ದ 'ಮರ್ಚೆಟ್', ಇವುಗಳಿಗೆ ತಕ್ಕಷ್ಟು ಹಣವನ್ನು ಆಟದ ಗಂಟಿನಿಂದ ಕಳೆಯಬೇಕೆಂದು ನಿಯಮ ಬರೆದೆವು. ಆಟದ ನಾಲ್ಕು ದಿನಕ್ಕೆ ಒಂದು ವರ್ಷ ಎಂಬುದು ಅವಳ ಲೆಕ್ಕ. ಇದೆಲ್ಲಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅದರ ಕೊನೆಯ ಹಾಳೆಯಲ್ಲಿ 'ಗೊತ್ತಿದ್ದೂ ಮಾಡಿದ ತಪ್ಪುಗಳು' ಎಂದು ಬೇರೊಂದು ಪಟ್ಟಿ; ಆಟವು ತೆಗೆಯಲು ಬಿಡದ ಸಂಗತಿಗಳು ಅಲ್ಲಿಗೆ ಹೋಗುತ್ತಿದ್ದವು.

ವಸ್ತುಗಳಲ್ಲಿ ತಪ್ಪು ಹುಡುಕುವುದು ಸುಲಭ. ಮೊಮ್ಮಗಳ ದೊಡ್ಡ ತಪ್ಪುಗಳಿದ್ದದ್ದು ವಸ್ತುಗಳಲ್ಲಿ ಅಲ್ಲ.

ಎಲ್ಲರನ್ನೂ ಮೂವತ್ತೈದಕ್ಕೆ ಸಾಯಿಸಬೇಕೆಂದು ಅವಳು ಬರೆದುಕೊಂಡಿದ್ದಳು. "ಆಗ ಸರಾಸರಿ ಆಯಸ್ಸು ಅಷ್ಟೇ ತಾತ" ಎಂದಳು. ಲೆಕ್ಕ ಕಲಿತ ಹುಡುಗಿ! ಒಂದು ಕೂಸು ಹುಟ್ಟಿದ ವಾರದಲ್ಲಿ ಸತ್ತು, ಅದರ ಅಣ್ಣ ಅರವತ್ತು ವರ್ಷ ಬದುಕಿದರೆ ಇಬ್ಬರ ಸರಾಸರಿ ಮೂವತ್ತು. ಆದರೆ ಆ ಮನೆಯಲ್ಲಿ ಮೂವತ್ತಕ್ಕೆ ಸತ್ತವರು ಯಾರೂ ಇಲ್ಲ. ಆ ಕಾಲದಲ್ಲಿಯೂ ಅರವತ್ತು ಎಪ್ಪತ್ತರ ಮುದುಕರಿದ್ದರು. ಸರಾಸರಿಯನ್ನು ಕೆಳಗೆ ಎಳೆದದ್ದು ತೊಟ್ಟಿಲು. ಇನ್ನು ಹೆಣ್ಣುಮಕ್ಕಳಿಗೆ ಹದಿಮೂರಕ್ಕೆ ಮದುವೆ ಎಂದು ಬರೆದಿದ್ದಳು. ಚರ್ಚಿನ ಶಾಸನದ ಪ್ರಕಾರ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾಲ್ಕು ಕನಿಷ್ಠ ವಯಸ್ಸಾಗಿದ್ದದ್ದು ನಿಜ. ಲೇಡಿ ಮಾರ್ಗರೆಟ್ ಬೋಫೋರ್ಟ್ 1457ರಲ್ಲಿ ತನ್ನ ಹದಿಮೂರನೆಯ ವಯಸ್ಸಿನಲ್ಲಿ ಹೆತ್ತ ಮಗು ಮುಂದೆ ಏಳನೆಯ ಹೆನ್ರಿಯಾದದ್ದೂ ನಿಜ. ಆದರೆ ಅದು ಆಸ್ತಿ ಅಂತಸ್ತುಗಳ ಮನೆತನಗಳ ಮಾತು. ಉಳುವವರ ಮಕ್ಕಳಿಗೆ ಮದುವೆ ಹದಿನೆಂಟರಿಂದ ಇಪ್ಪತ್ತೆರಡರೊಳಗೆ ಎಂದು ಕೆಲವು ವಿದ್ವಾಂಸರು, ಇನ್ನೂ ತಡವೆಂದು ಕೆಲವರು ವಾದಿಸುತ್ತಾರೆ, ಹದಿಮೂರೆಂದು ಹೇಳುವವರಿಲ್ಲ.

ಹೆಸರುಗಳ ವಿಷಯದಲ್ಲಿ ನಾನೇ ಮುಗ್ಗರಿಸಿದೆ. ಮಗುವೊಂದಕ್ಕೆ 'ಟಿಫನಿ' ಎಂದು ಹೆಸರಿಟ್ಟಿದ್ದಳು. ಇದು ಸಿನಿಮಾ ಹೆಸರು, ತೆಗೆ ಎಂದು ಗದರಿದೆ. ಅವಳು ನಗುತ್ತ ಆಧಾರ ತೋರಿಸಿದಳು. ಜನವರಿ 6ರ ಹಬ್ಬದ ಸುಮಾರಿಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಇಡುತ್ತಿದ್ದ 'ತಿಯೊಫಾನಿಯಾ' ಎಂಬ ಹೆಸರೇ ಮಧ್ಯಯುಗದಲ್ಲಿ ಸವೆದು ಟಿಫನಿ ಆದದ್ದು. ನಿಜವೇ ಸುಳ್ಳಿನಂತೆ ಕಾಣುವುದೂ ಉಂಟು. ಆ ಹೊತ್ತಿಗೆ ಇದೊಂದು ತಮಾಷೆಯ ಸಂಗತಿಯಾಗಿತ್ತು.

1315ರ ಮಹಾಕ್ಷಾಮವನ್ನು ಹೇಗೋ ದಾಟಿದೆವು. ಸತತ ಮಳೆಯಿಂದ ಬೆಳೆ ಕೊಳೆತು ಉತ್ತರ ಯೂರೋಪು ಹಸಿದ ಆ ವರ್ಷಗಳಿಗೆ ತೋಟದ ಫಸಲನ್ನು ಕಿತ್ತು ಎಸೆಯುವುದು, ದಿನಕ್ಕೊಂದೇ ಊಟ ಕೊಡುವುದು, ಇಷ್ಟೇ ನಮ್ಮಿಂದಾದದ್ದು. ಎರಡನೆಯ ತಲೆಮಾರು ಬಂತು. ಸೊಸೆಯ ಹೆಸರು ಆಗ್ನೆಸ್. ಇಲ್ಲಿಂದ ದಾಳದ ಕಥೆ.

ಈ ಆಟದಲ್ಲಿ ಹಸುಗೂಸುಗಳು ಸಾಯುವುದಿಲ್ಲ. ಉಪವಾಸ ಕೆಡವಿದರೆ ಸರ್ಕಾರದ ಕಡೆಯವರು ಬಂದು ಮಗುವನ್ನು ಒಯ್ಯುತ್ತಾರೆ, ಅಷ್ಟೆ. ಆಟ ಮಾಡಿದವರ ದಯೆ ಅದು. ಆದರೆ 1300ರ ಸಂಸಾರದ ಮಟ್ಟಿಗೆ ಅದಕ್ಕಿಂತ ದೊಡ್ಡ ಸುಳ್ಳಿಲ್ಲ. ಆದ್ದರಿಂದ ಈ ಆಟಗಾರರು ದಾಳ ಉರುಳಿಸಿ ನಿರ್ಧರಿಸುತ್ತಾರೆ. ಎಷ್ಟಕ್ಕೆ ಎಷ್ಟು ಎಂದು ಮೊಮ್ಮಗಳು ಕೇಳಿದಳು. ಥಾಮಸ್ ಕ್ರಾಮ್‌ವೆಲ್ಲನ ಆಜ್ಞೆಯಿಂದ ಇಂಗ್ಲೆಂಡಿನ ಚರ್ಚುಗಳು ಜನನ ಸಂಸ್ಕಾರ, ಮದುವೆ, ಹೂಳುವಿಕೆಗಳ ಪುಸ್ತಕ ಇಡತೊಡಗಿದ್ದು 1538ರಲ್ಲಿ. ಅದಕ್ಕೆ ಹಿಂದಿನ ಲೆಕ್ಕ ಯಾರ ಬಳಿಯೂ ಇಲ್ಲ. ಆ ಪುಸ್ತಕಗಳನ್ನು ಕೂಡಿಸಿ ನೋಡಿದ ವಿದ್ವಾಂಸರು ಹೇಳುವಂತೆ ಆರೇಳು ಶಿಶುಗಳಲ್ಲಿ ಒಂದು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಹತ್ತು ತುಂಬುವುದರೊಳಗೆ ನೂರಕ್ಕೆ ಇಪ್ಪತ್ತೈದು ಮೂವತ್ತು ಮಕ್ಕಳು ಹೋಗಿರುತ್ತಿದ್ದವು. ಅದನ್ನೇ ಹಿಂದಕ್ಕೆ ಒಯ್ದು, ಮೊದಲ ವರ್ಷಕ್ಕೊಮ್ಮೆ, ಹತ್ತರೊಳಗೆ ಇನ್ನೊಮ್ಮೆ ದಾಳ ಹಾಕಬೇಕು, ಒಂದು ಬಿದ್ದರೆ ಮಗು ಇಲ್ಲ ಎಂದು ನಿಶ್ಚಯಿಸಿದೆವು. ಹಾವು ಏಣಿ ಆಟದ ಹಳೆಯ ದಾಳ ನಮ್ಮ ಮನೆಯ ಅಟ್ಟದಲ್ಲಿತ್ತು.

ಆಗ್ನೆಸಳ ಮೊದಲ ಮಗ ಉಳಿದ. ಎರಡನೆಯದು ಹೆಣ್ಣು, ಅದೇ ಟಿಫನಿ. ಮೊದಲ ವರ್ಷ ದಾಟಿದಳು. ತೊದಲು ಮಾತು ಆಡುತ್ತ ಕೋಳಿಗಳ ಹಿಂದೆ ಓಡಾಡುವಂತಾದಳು. ಎರಡನೆಯ ಸಲ ಮೊಮ್ಮಗಳು ಉರುಳಿಸಿದ ದಾಳ ಮೇಜಿನಿಂದ ಕೆಳಗೆ ಬಿತ್ತು. ಬಗ್ಗಿ ನೋಡಿದವನು ನಾನು. ಒಂದು.

"ಕೆಳಗೆ ಬಿದ್ದದ್ದು ಲೆಕ್ಕಕ್ಕಿಲ್ಲ ಅಲ್ವಾ ತಾತ?" ಎಂದಳು. ನಾನು ಸುಮ್ಮನಿದ್ದೆ. ಅವಳೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಸಾರದ ಪಟ್ಟಿಯನ್ನು ತೆರೆದು ಆ ಮಗುವಿನ ಹೆಸರನ್ನು ತೆಗೆದುಹಾಕಿದಳು. ಮನೆಯ ಹಿಂದೆ ಒಂದು ಚಿಕ್ಕ ಗೋರಿಕಲ್ಲನ್ನು ತಾನೇ ಇಟ್ಟಳು. ಆಟ ಮತ್ತೆ ಓಡತೊಡಗಿತು. ಆಗ್ನೆಸ್ ಒಳಗಿನಿಂದ ಬಂದು ಕೋಳಿಗಳಿಗೆ ಕಾಳು ಹಾಕಿದಳು. ಮುಖದಲ್ಲಿ ನಗು. ಪಟ್ಟಿಯಿಂದ ತೆಗೆದ ಮಗು ಸತ್ತಿತೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದ ತಾಯಿಗೂ ತಿಳಿದಿರಲಿಲ್ಲ.

"ತಾತ, ಇವಳು ನಗ್ತಾ ಇದ್ದಾಳೆ. ಇದು ಸರಿನಾ? ಅಷ್ಟೊಂದು ಮಕ್ಕಳು ಸಾಯ್ತಿದ್ರಲ್ಲ, ಆಗಿನವರಿಗೆ ಅಭ್ಯಾಸ ಆಗಿಹೋಗಿತ್ತಾ?"

ಈ ಬರಹವನ್ನು ನಾನು ಬರೆಯುತ್ತಿರುವುದು ಈ ಪ್ರಶ್ನೆಗಾಗಿ. ಏಕೆಂದರೆ ಇದಕ್ಕೆ ನಾನು ಒಮ್ಮೆ ಉತ್ತರ ಕೊಟ್ಟಿದ್ದೇನೆ. ನಿಮ್ಮಲ್ಲಿ ಕೆಲವರು ಆ ತರಗತಿಯಲ್ಲಿದ್ದಿರಿ.

1980ರ ದಶಕದ ಆರಂಭದ ಮಾತು. ಒಂಬತ್ತನೆಯ ತರಗತಿ, ಮಧ್ಯಯುಗದ ಯೂರೋಪು. ಆ ಬೇಸಗೆಯಲ್ಲಷ್ಟೇ ನಾನು ಫಿಲಿಪ್ ಆರಿಯೆ ಎಂಬ ಫ್ರೆಂಚ್ ಇತಿಹಾಸಕಾರರ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿದ್ದೆ. ಫ್ರೆಂಚಿನಲ್ಲಿ 1960ರಲ್ಲಿ, ಇಂಗ್ಲಿಷಿನಲ್ಲಿ 1962ರಲ್ಲಿ ಬಂದ ಆ ಗ್ರಂಥ ಬಹಳ ಹೆಸರು ಮಾಡಿತ್ತು. ಮಧ್ಯಯುಗದ ಸಮಾಜಕ್ಕೆ ಬಾಲ್ಯವೆಂಬ ಕಲ್ಪನೆಯೇ ಇರಲಿಲ್ಲ, ಉಳಿಯುವುದೋ ಇಲ್ಲವೋ ತಿಳಿಯದ ಕೂಸುಗಳಿಗೆ ಜನ ಹೆಚ್ಚು ಮನಸ್ಸು ಕೊಡುತ್ತಿರಲಿಲ್ಲ ಎಂಬುದು ಅದರ ವಾದದ ಸಾರ. ಹೊಸದನ್ನು ಓದಿದ ಹುಮ್ಮಸ್ಸು ನನಗೆ. ಪಠ್ಯದಲ್ಲಿಲ್ಲದ ಈ ಮಾತನ್ನು ತರಗತಿಯಲ್ಲಿ ಹೇಳಿದೆ: ಆ ಕಾಲದ ತಾಯಂದಿರಿಗೆ ಮಕ್ಕಳ ಸಾವು ಅಭ್ಯಾಸವಾಗಿತ್ತು, ಅವರು ಹೆಚ್ಚು ದುಃಖಿಸುತ್ತಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಎದ್ದು ನಿಂತ. ಆ ಮಳೆಗಾಲದಲ್ಲಿ ಅವನ ತಂಗಿ ವಾಂತಿಭೇದಿಯಿಂದ ತೀರಿಕೊಂಡಿದ್ದಳು. ಅದು ನನಗೆ ಗೊತ್ತಿತ್ತು. ಅವನ ಮನೆಯಲ್ಲಿ ಅದಕ್ಕೂ ಹಿಂದೆ ಎರಡು ಮಕ್ಕಳು ಹೋಗಿದ್ದವೆಂಬುದೂ ಗೊತ್ತಿತ್ತು. "ಸಾರ್, ನಮ್ಮವ್ವ ಈಗ್ಲೂ ಅಳ್ತಾಳೆ ಸಾರ್" ಎಂದ. ಅವನದು ವಾದವಾಗಿರಲಿಲ್ಲ, ಸಂದೇಹವಾಗಿತ್ತು. ನಾನು "ಅದು ಬೇರೆ, ಇದು ಬೇರೆ, ಕೂತ್ಕೊ" ಎಂದು ಹೇಳಿ ಮುಂದಿನ ಪ್ಯಾರಾಕ್ಕೆ ಹೋದೆ.

ಬೇರೆ ಹೇಗೆ, ಎಂದು ನಾನು ಆ ದಿನ ನನ್ನನ್ನು ಕೇಳಿಕೊಳ್ಳಲಿಲ್ಲ. ಅಚ್ಚಾದ ಪುಸ್ತಕ ಒಂದು ಕಡೆ, ಹರಿದ ಅಂಗಿಯ ಹುಡುಗ ಇನ್ನೊಂದು ಕಡೆ. ನಾನು ಪುಸ್ತಕದ ಕಡೆ ನಿಂತೆ.

ಆರಿಯೆ ಅವರ ವಾದ ಬಹಳ ಕಾಲ ನಿಲ್ಲಲಿಲ್ಲ. 1983ರಲ್ಲಿ ಲಿಂಡಾ ಪೊಲಾಕ್ ಎಂಬ ವಿದುಷಿ 16ನೆಯ ಶತಮಾನದಿಂದೀಚಿನ ನಾನೂರಕ್ಕೂ ಹೆಚ್ಚು ದಿನಚರಿ, ಆತ್ಮಚರಿತ್ರೆಗಳನ್ನು ಓದಿ, ಮಕ್ಕಳನ್ನು ಕಳೆದುಕೊಂಡವರು ಎಲ್ಲ ಕಾಲದಲ್ಲಿಯೂ ಕುಗ್ಗಿಹೋಗಿದ್ದಾರೆಂದು ತೋರಿಸಿದರು. ದಿನಚರಿ ಬರೆಯಬಲ್ಲವರು ಉಳ್ಳವರು. ಅಕ್ಷರ ತಿಳಿಯದ ಆಗ್ನೆಸಳಂಥವರ ವಿಷಯ? ಅದಕ್ಕೆ ಬಾರ್ಬರಾ ಹನವಾಲ್ಟ್ ಅವರ 1986ರ ಗ್ರಂಥವಿದೆ. ಅದನ್ನು ನನ್ನ ಮಗಳು ತರಿಸಿಕೊಟ್ಟಳು. ಈ ಎರಡು ತಿಂಗಳಲ್ಲಿ ಎರಡು ಬಾರಿ ಓದಿದೆ. ಇಂಗ್ಲೆಂಡಿನಲ್ಲಿ 1194ರಿಂದ ಕೊರೊನರ್ ಎಂಬ ಅಧಿಕಾರಿಯಿದ್ದ. ಅಪಘಾತದಿಂದಲೋ ಹೊಡೆತದಿಂದಲೋ ಯಾರು ಸತ್ತರೂ ಅವನು ಬಂದು ಮಹಜರು ಮಾಡಬೇಕು, ಹೇಗೆ ಎಲ್ಲಿ ಯಾವ ಹೊತ್ತಿನಲ್ಲಿ ಎಂದು ಚರ್ಮದ ಸುರುಳಿಯಲ್ಲಿ ಬರೆಸಬೇಕು. ಹನವಾಲ್ಟ್ ಆ ಸುರುಳಿಗಳಿಂದಲೇ ರೈತರ ಸಂಸಾರವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ತೊಟ್ಟಿಲಿನ ಕೂಸು ಒಬ್ಬಂಟಿ. ತಾಯಿ ನೀರಿಗೋ ಹೊಲಕ್ಕೋ ಹೋಗಿದ್ದಾಳೆ. ಕೋಳಿ ಒಲೆಯನ್ನು ಕೆದಕಿದೆ, ಕಿಡಿ ಹುಲ್ಲಿಗೆ ತಾಗಿದೆ. ನಡೆಯಲು ಕಲಿತ ಮಗು ಬಾವಿಗೋ ಹಳ್ಳಕ್ಕೋ ಬಿದ್ದಿದೆ. ನಾವು ಚೆಂದಕ್ಕೆ ಇಟ್ಟ ಆ ನಡುಮನೆಯ ಒಲೆ, ಆ ಕೋಳಿಗಳು! ಆಕ್ಸ್‌ಫರ್ಡ್ ಪಟ್ಟಣದ 13ನೆಯ ಶತಮಾನದ ಕೊನೆಯ ದಾಖಲೆಯೊಂದರಲ್ಲಿ, ಉರಿಯುವ ಮನೆಯಿಂದ ಪಾರಾಗಿ ಹೊರಬಂದ ತಾಯಿಯೊಬ್ಬಳು ಮಗ ಒಳಗೇ ಉಳಿದನೆಂದು ನೆನಪಾದೊಡನೆ ಬೆಂಕಿಗೆ ಹಿಂದಿರುಗಿ ನುಗ್ಗಿ ಉಸಿರುಗಟ್ಟಿ ಸತ್ತಳೆಂದು ಇದೆ. ಗುಮಾಸ್ತನ ಒಣ ವಾಕ್ಯ. ದುಃಖವೆಂಬ ಪದ ಅದರಲ್ಲಿಲ್ಲ, ಬೇಕಾಗಿಯೂ ಇಲ್ಲ.

ಇನ್ನೊಂದು ಬಗೆಯ ದಾಖಲೆ ಸಂತರ ಪವಾಡಗಳದ್ದು. ಹೆರ್‌ಫರ್ಡಿನ ಬಿಷಪ್ ಥಾಮಸ್ ಕ್ಯಾಂಟಿಲೂಪ್ ಅವರನ್ನು ಸಂತರೆಂದು ಘೋಷಿಸಬೇಕೇ ಎಂದು 1307ರಲ್ಲಿ ವಿಚಾರಣೆ ನಡೆದಾಗ ಹಳ್ಳಿಯ ಜನ ಬಂದು ಸಾಕ್ಷಿ ನುಡಿದರು. ವೇಲ್ಸಿನ ಕಾನ್ವಿ ಕೋಟೆಯ ಅಡುಗೆಯವನ ಎರಡು ವರ್ಷದ ಮಗ ರೋಜರ್ 1303ರಲ್ಲಿ ಕೋಟೆಯ ಕಂದಕಕ್ಕೆ ಬಿದ್ದು, ಸತ್ತನೆಂದು ಎಲ್ಲರೂ ಕೈಬಿಟ್ಟ ಮೇಲೆ, ಊರಿನವನೊಬ್ಬ ನಾಣ್ಯ ಹಿಡಿದು ಆ ಸಂತರಿಗೆ ಹರಕೆ ಹೊತ್ತಾಗ ಕಣ್ಣು ಬಿಟ್ಟನೆಂದು ಅಲ್ಲಿ ದಾಖಲಾಗಿದೆ. ಮಗು ಕಾಯಿಲೆ ಬಿದ್ದರೆ ಬೆಳ್ಳಿಯ ಪೆನ್ನಿಯೊಂದನ್ನು ಅದರ ಮೇಲೆ ಹಿಡಿದು ಬಗ್ಗಿಸಿ ಸಂತರ ಹೆಸರಿನಲ್ಲಿ ತೆಗೆದಿಡುವುದು ಆಗಿನ ಪದ್ಧತಿ. ಬಗ್ಗಿಸಿದ ನಾಣ್ಯವನ್ನು ಬೇರೆ ಖರ್ಚಿಗೆ ಬಳಸುವಂತಿಲ್ಲ. ಮಗುವನ್ನು ದಾರದಿಂದ ಅಳೆದು ಅಷ್ಟೇ ಉದ್ದದ ಬತ್ತಿಯ ಮೇಣದ ದೀಪ ಮಾಡಿಸುವುದು ಇನ್ನೊಂದು. ಪವಾಡದ ಪುಸ್ತಕಗಳಲ್ಲಿ ಬದುಕಿದ ಮಕ್ಕಳ ಕಥೆಯೇ ಇರುತ್ತದೆ, ಹರಕೆ ಫಲಿಸದವರದು ಇರುವುದಿಲ್ಲ ಎಂಬ ಎಚ್ಚರ ಬೇಕು. ಆದರೂ ಬಡವನೊಬ್ಬ ಒಂದು ಪೆನ್ನಿಯನ್ನು ಬಗ್ಗಿಸಿ ಕೆಡಿಸುತ್ತಾನೆಂದರೆ ಅದು ಅಭ್ಯಾಸವಾದವರ ಲಕ್ಷಣವೇ?

ಇದನ್ನು ಓದುವಾಗ ನನಗೆ ನನ್ನ ತಾಯಿಯ ಟ್ರಂಕು ಕಣ್ಣಮುಂದೆ ಬಂತು. ನಮ್ಮಲ್ಲಿ ಹೀಗೆಯೇ ನಾಣ್ಯವನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಹಾಕಿ ಮುಡಿಪು ಕಟ್ಟುತ್ತಾರೆ. ನನ್ನ ಬೆನ್ನಿಗೆ ಹುಟ್ಟಿದ ತಂಗಿಯೊಬ್ಬಳು ಮೂರು ವರ್ಷ ಬದುಕಿದ್ದಳು. ಅವಳಿಗೆ ಜ್ವರ ಬಂದಾಗ ಅಮ್ಮ ಕಟ್ಟಿದ ಮುಡಿಪು ಸಲ್ಲಿಸಲು ಕಾರಣವೇ ಉಳಿಯಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಆ ಗಂಟು, ಒಂದು ಜೊತೆ ಕಿರುಗೆಜ್ಜೆ ಸಿಕ್ಕವು. ಐವತ್ತು ವರ್ಷ ಇಟ್ಟುಕೊಂಡಿದ್ದಳು. ತರಗತಿಯಲ್ಲಿ ನಾನು ಆ ಮಾತು ಹೇಳಿದ ದಿನವೂ ಅದು ನಮ್ಮ ಮನೆಯಲ್ಲಿಯೇ, ನಾನು ಮಲಗುವ ಕೋಣೆಯಲ್ಲಿಯೇ ಇತ್ತು.

ಆದ್ದರಿಂದ, ಆ ತರಗತಿಯಲ್ಲಿದ್ದವರೆಲ್ಲರಿಗೂ ಹೇಳುತ್ತಿದ್ದೇನೆ: ನಾನು ಅಂದು ಹೇಳಿದ್ದು ತಪ್ಪು. ಎದ್ದು ನಿಂತ ಹುಡುಗನಿಗೆ (ಅವನಿಗೂ ಈಗ ಐವತ್ತು ದಾಟಿದೆ, ಓದುತ್ತಿದ್ದಾನೋ ಇಲ್ಲವೋ) ವಿಶೇಷವಾಗಿ ಹೇಳುತ್ತಿದ್ದೇನೆ. ನೀನು ಹೇಳಿದ್ದೇ ಸಾಕ್ಷ್ಯವಾಗಿತ್ತು. ಅದನ್ನು ಸಾಕ್ಷ್ಯವೆಂದು ಗುರುತಿಸಲು ನಿನ್ನ ಮೇಷ್ಟ್ರಿಗೆ ಬರಲಿಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಗೆಜ್ಜೆಯನ್ನೂ ತೋರಿಸಿದೆ. ಅವಳು ನೋಟ್‌ಬುಕ್ಕಿನಲ್ಲಿ ಹೊಸ ನಿಯಮ ಬರೆದಳು. ಮಗು ಹೋದರೆ ಆಟದ ನಾಲ್ಕು ದಿನ, ಅಂದರೆ ಒಂದು ವರ್ಷ, ತಾಯಿ ಹಾಡಕೂಡದು, ಕುಣಿಯಕೂಡದು. ದಿನಕ್ಕೊಮ್ಮೆ ಮಗುವಿನ ಕಲ್ಲಿನ ಬಳಿ ಹೋಗಿ ನಿಲ್ಲಬೇಕು. ಆಟದಲ್ಲಿ ಸಾವು, ಶೋಕಗಳನ್ನೇ ಕುರಿತ ಹೆಚ್ಚುವರಿ ಭಾಗವೊಂದು 2024ರಲ್ಲಿ ಬಂದಿದೆಯಂತೆ. ಅದನ್ನು ಹಣ ಕೊಟ್ಟು ಕೊಳ್ಳಬೇಕು. ಇವಳು ಕೊಳ್ಳಲಿಲ್ಲ. ತಾನೇ ಕೈಹಿಡಿದಂತೆ ಆಗ್ನೆಸಳನ್ನು ನಡೆಸಿಕೊಂಡು ಹೋಗಿ ಅಲ್ಲಿ ನಿಲ್ಲಿಸುತ್ತಿದ್ದಳು. ಅವಳ ಮುಖದ ನಗುವನ್ನು ಮಾತ್ರ ಅಳಿಸಲಾಗಲಿಲ್ಲ. ಅದು ತಪ್ಪುಗಳ ಪಟ್ಟಿಗೆ ಸೇರಿತು.

ಇಷ್ಟಾದ ಮೇಲೆ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಆ ಕಲ್ಲೇ ತಪ್ಪು ಎಂದೆ. 14ನೆಯ ಶತಮಾನದಲ್ಲಿ ರೈತರಿಗೆ ಗೋರಿಕಲ್ಲು ಇರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಚರ್ಚಿನ ಆವರಣದಲ್ಲಿ ಹೂಳುತ್ತಿದ್ದರು. ಕಾಲಾಂತರದಲ್ಲಿ ಅದೇ ಜಾಗದಲ್ಲಿ ಇನ್ನೊಬ್ಬರನ್ನು ಹೂಳುತ್ತಿದ್ದರು. ಹೆಸರು ಕೆತ್ತಿಸಿಕೊಳ್ಳುವುದು ಒಡೆಯರ ಭಾಗ್ಯ. ಮನೆಯ ಹಿಂದೆ ಹೂಳುವುದಂತೂ ಇರಲೇ ಇಲ್ಲ.

ಆಟದ ಊರಿನಲ್ಲಿ ಅವಳೇ ಕಟ್ಟಿದ ಚರ್ಚಿಗೆ ಕಲ್ಲನ್ನು ಸಾಗಿಸಿ ಒಂದು ದೊಡ್ಡ ಮರದ ಕೆಳಗಿಟ್ಟಳು. ಆದರೆ ತೆಗೆಯಲು ಒಪ್ಪಲಿಲ್ಲ. "ಕಲ್ಲು ತೆಗೆದ್ರೆ ಎಲ್ಲಿ ಅಂತಾನೇ ಗೊತ್ತಾಗಲ್ಲ ತಾತ."

ನನ್ನ ತಂಗಿಯನ್ನು ಹೊಲದ ಬದುವಿನಲ್ಲಿ, ಹೊಂಗೆಮರದ ಬಳಿ ಎಲ್ಲೋ ಇಟ್ಟರು. ಎಳೆಯ ಮಕ್ಕಳನ್ನು ಸುಡುವುದಿಲ್ಲವಲ್ಲ. ಅಮ್ಮ ವರ್ಷಕ್ಕೊಮ್ಮೆ ಒಬ್ಬಳೇ ಆ ಕಡೆ ಹೋಗಿ ಬರುತ್ತಿದ್ದಳು. ಸರಿಯಾಗಿ ಯಾವ ಜಾಗವೆಂದು ನಾನು ಕೇಳಲಿಲ್ಲ. ಈಗ ಹೊಂಗೆಮರವಿಲ್ಲ, ರಸ್ತೆ ಅಗಲವಾಗಿದೆ.

ಕಲ್ಲು ಇರಲಿ ಎಂದೆ. ಪಟ್ಟಿಯಲ್ಲಿ ನಾನೇ ಬರೆದೆ: "ಹದಿನೇಳು. ಗೋರಿಕಲ್ಲು. ಆ ಕಾಲದ್ದಲ್ಲ. ತೆಗೆಯುವುದಿಲ್ಲ."

ರಜೆ ಮುಗಿದು ಅವಳು ಬೆಂಗಳೂರಿಗೆ ಹಿಂದಿರುಗಿದ್ದಾಳೆ. ಕಳೆದ ಭಾನುವಾರ ಅವಳಿಂದ ಕರೆ ಬಂತು. ಆಟ 1348ರ ಬೇಸಗೆಗೆ ಬಂದು ನಿಂತಿದೆ. ಆ ವರ್ಷದ ಜೂನ್ ಸುಮಾರಿಗೆ ಡಾರ್ಸೆಟ್ ತೀರದ ಮೆಲ್‌ಕಂಬ್ ಬಂದರಿನ ಮೂಲಕ ಪ್ಲೇಗು ಇಂಗ್ಲೆಂಡನ್ನು ಹೊಕ್ಕಿತು. 1898ರಲ್ಲಿ ಬೆಂಗಳೂರಿಗೆ ಬಂದದ್ದು, ನಮ್ಮಜ್ಜಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕಳೆದ ದಿನಗಳೆಂದು ಹೇಳುತ್ತಿದ್ದದ್ದು, ಅದೇ ರೋಗ. "ಇದಕ್ಕೆ ದಾಳದಲ್ಲಿ ಎಷ್ಟು ತಾತ? ಒಂದು, ಎರಡು ಸಾಕಾ? ಮೂರೂ ಸೇರಿಸಬೇಕಾ?" ಮೂರರಲ್ಲಿ ಒಬ್ಬರೆಂಬುದು ಹಳೆಯ ಪುಸ್ತಕಗಳ ಲೆಕ್ಕ, ಒಡೆಯರ ನ್ಯಾಯಾಲಯದ ಸುರುಳಿಗಳಲ್ಲಿ ಸತ್ತ ಒಕ್ಕಲುಗಳನ್ನು ಎಣಿಸಿದವರು ಅರ್ಧದ ಹತ್ತಿರಕ್ಕೆ ಹೋಗುತ್ತಾರೆ. ಮೂರೂ ಸೇರಿಸಬೇಕಾಗುತ್ತದೆ ಮಗು, ಎಂದೆ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಮುಂದಿನ ವಾರ ಪರೀಕ್ಷೆ ಇದೆ, ಅದು ಮುಗಿಯುವವರೆಗೆ ಆಟ ತೆರೆಯುವುದಿಲ್ಲ ಎಂದಳು. ಆಗ್ನೆಸ್, ಅವಳ ಗಂಡ, ಉಳಿದ ಮೂರು ಮಕ್ಕಳು ಸದ್ಯಕ್ಕೆ ಇದ್ದಾರೆ. ದಾಳವನ್ನು ಅವಳು ಇಲ್ಲಿಯೇ ಬಿಟ್ಟುಹೋಗಿದ್ದಾಳೆ. ನನ್ನ ಮೇಜಿನ ಮೇಲಿದೆ.